ಕತ್ತಿಯ ಬಾಯಿ, ಕೈಯ ಹದ



ಹಿಂದೊಮ್ಮೆ ಇದೇ ಪುಟದಲ್ಲಿ, ಹಿರಿಯರ ಪೆಟ್ಟಿಗೆಗಳಲ್ಲಿ ಉಳಿದುಬಂದ ಹಳೆಯ ವಸ್ತುಗಳ ಬಗೆಗೆ ನಾಲ್ಕು ಮಾತು ಬರೆದಿದ್ದೆ. ಅದನ್ನೋದಿದ ಬಂಧುವೊಬ್ಬರು ಪತ್ರ ಬರೆದು, "ನಮ್ಮ ಅಜ್ಜನವರ ಕ್ಷೌರದ ಕತ್ತಿಯೊಂದು ತುಕ್ಕು ಹಿಡಿದು ಬಿದ್ದಿದೆ. ಅಂಥದನ್ನು ಮನೆಯಲ್ಲಿ ಇಡಬಾರದೆಂದು ಕೆಲವರು ಹೇಳುತ್ತಾರೆ. ಗುಜರಿಗೆ ಹಾಕಬೇಕೆ, ಇಟ್ಟುಕೊಳ್ಳಬೇಕೆ?" ಎಂದು ಕೇಳಿದ್ದಾರೆ. ಆ ಪತ್ರ ಬಂದ ದಿನಗಳಲ್ಲಿಯೇ ನನ್ನ ತೀರ್ಥರೂಪರ ಕಟ್ಟಿಗೆಯ ಪೆಟ್ಟಿಗೆಯಲ್ಲಿಯೂ ಅಂಥದೇ ಒಂದು ಕತ್ತಿ ನನ್ನ ಕೈಗೆ ಸಿಕ್ಕಿತ್ತೆಂಬುದು ಕಾಕತಾಳೀಯ. ಪುಸ್ತಕ ಹಿಡಿದು ಬೆಳೆದ ಈ ಕೈಗಳಿಂದ ಅದನ್ನು ಸರಿಪಡಿಸಹೋಗಿ ನಾನು ಕಲಿತದ್ದನ್ನು, ಕಲಿಯುವ ಮುನ್ನ ಕೆಡಿಸಿದ್ದನ್ನು ಎರಡನ್ನೂ ಮುಚ್ಚುಮರೆಯಿಲ್ಲದೆ ನಿವೇದಿಸುತ್ತೇನೆ. ಬಂಧುಗಳ ಪ್ರಶ್ನೆಗೆ ಉತ್ತರ ಅದರಲ್ಲಿಯೇ ಇದೆ.

ಮೊದಲು ವಸ್ತುವಿನ ಪರಿಚಯ. ಇಂದಿನ ತರುಣರು ನೋಡಿರದ ಈ ಕತ್ತಿಗೆ ಬ್ಲೇಡು ಬದಲಾಯಿಸುವ ಪ್ರಶ್ನೆಯೇ ಇಲ್ಲ, ಅಲಗೇ ಬ್ಲೇಡು. ಒಂದು ಅಂಚು ದಪ್ಪನೆಯ ಬೆನ್ನು, ಇನ್ನೊಂದು ಅಂಚು ತೆಳ್ಳನೆಯ ಬಾಯಿ. ಬುಡದ ಬಾಲವನ್ನು ಹಿತ್ತಾಳೆಯ ಮೊಳೆಯಿಂದ ಹಿಡಿಗೆ ಜೋಡಿಸಿರುತ್ತಾರೆ. ಕೆಲಸ ಮುಗಿದ ಮೇಲೆ ಅಲಗು ಮಡಿಸಿಕೊಂಡು ಹಿಡಿಯೊಳಗೆ ಅಡಗುತ್ತದೆ. ನಮ್ಮೂರ ಕಮ್ಮಾರರು ಹೊಡೆದುಕೊಡುತ್ತಿದ್ದ ಕತ್ತಿಗಳು ದಪ್ಪ, ತೂಕದವು. ಪರದೇಶದಿಂದ ಬಂದವುಗಳಲ್ಲಿ ಅಲಗಿನ ಎರಡೂ ಮೈಗಳನ್ನು ಒಳಕ್ಕೆ ಕೊರೆದು ಹಾಳೆಯಂತೆ ತೆಳುವಾಗಿಸಿರುತ್ತಾರೆ. ನಮ್ಮ ತಂದೆಯವರದು ಈ ಎರಡನೆಯ ಜಾತಿಯದು. ಬಾಲದ ಮೇಲೆ ಜರ್ಮನಿಯ ಜೋಲಿಂಗೆನ್ ಊರಿನ ಮುದ್ರೆಯಿದೆ. ಹಿಡಿ ಎಮ್ಮೆಯ ಕೊಂಬಿನದು. ಶಾಲಾ ಮಾಸ್ತರರಾಗಿದ್ದ ಅವರು ಹುಬ್ಬಳ್ಳಿಯ ಪೇಟೆಯಲ್ಲಿ ಯಾರೋ ಬಳಸಿ ಮಾರಿದ್ದನ್ನು ಕೊಂಡು ತಂದಿದ್ದರಂತೆ. ಜೋಲಿಂಗೆನ್ ಶತಮಾನಗಳಿಂದ ಕತ್ತಿ ಕಠಾರಿಗಳಿಗೆ ಹೆಸರಾದ ಊರು. ಆ ಊರಿನಲ್ಲಿ ತಯಾರಾದ ಸರಕಿಗಲ್ಲದೆ ಬೇರಾವುದಕ್ಕೂ ಆ ಹೆಸರನ್ನು ಒತ್ತಬಾರದೆಂದು 1938ರಲ್ಲಿ ಅಲ್ಲಿ ಕಾಯಿದೆಯೇ ಆಯಿತು.

ಪರದೇಶದ ಮುದ್ರೆ ಕಂಡು ನಾವು ಕುಗ್ಗಬೇಕಾಗಿಲ್ಲ. ಉಕ್ಕಿನ ಚರಿತ್ರೆಯಲ್ಲಿ ಕನ್ನಡ ನಾಡಿಗೆ ಮೇಲಾದ ಸ್ಥಾನವಿದೆ. ಪಾಶ್ಚಾತ್ಯರು ದಕ್ಷಿಣ ಭಾರತದ ಮೂಸೆಯುಕ್ಕನ್ನು 'ವೂಟ್ಜ್' ಎಂದು ಕರೆದರು. ಆ ಹೆಸರು ನಮ್ಮ 'ಉಕ್ಕು' ಶಬ್ದದಿಂದಲೇ ಹುಟ್ಟಿತೆಂಬುದು ಬಹುಮಂದಿ ವಿದ್ವಾಂಸರ ಅಭಿಮತ. 1795ರಲ್ಲಿ ಜಾರ್ಜ್ ಪಿಯರ್ಸನ್ ಎಂಬಾತ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಈ ಉಕ್ಕಿನ ಬಗೆಗೆ ಪ್ರಬಂಧ ಓದಿದನು. ಅನಂತರದ ದಿನಗಳಲ್ಲಿ ಶಸ್ತ್ರವೈದ್ಯರ ಉಪಕರಣಗಳನ್ನು ಮಾಡುತ್ತಿದ್ದ ಸ್ಟೋಡಾರ್ಟ್ ಎಂಬ ಕುಶಲಿಯೂ ಮಹಾವಿಜ್ಞಾನಿ ಮೈಕೆಲ್ ಫ್ಯಾರಡೆಯೂ ಜೊತೆಗೂಡಿ, ಇದರ ಗುಟ್ಟನ್ನು ಅರಿಯಲೆಂದು ಪ್ರಯೋಗ ನಡೆಸಿ 1820 ಮತ್ತು 1822ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೊಸ ಉಕ್ಕಿನಿಂದ ಮಾಡಿಸಿದ ಕ್ಷೌರದ ಕತ್ತಿಗಳನ್ನು ಫ್ಯಾರಡೆ ತನ್ನ ಮಿತ್ರರಿಗೆ ಕಾಣಿಕೆಯಾಗಿ ಕೊಟ್ಟದ್ದುಂಟು. ಇತ್ತ 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಧುಗಿರಿಯ ಕಡೆಯ ಉಕ್ಕಿನ ಕುಲುಮೆಗಳನ್ನು ವರ್ಣಿಸಿದ್ದಾನೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡಿನೊಡನೆ ತಂಗಡಿ ಗಿಡದ ಕಡ್ಡಿಯನ್ನೂ ಹಸಿರೆಲೆಗಳನ್ನೂ ಇಟ್ಟು, ಬಾಯಿ ಮುಚ್ಚಿ ಕಾಸುತ್ತಿದ್ದರು. ಗಿಡದ ಇಂಗಾಲವು ಕಬ್ಬಿಣದಲ್ಲಿ ಬೆರೆತು ಅದು ಉಕ್ಕಾಗುತ್ತಿತ್ತು. ಈ ತಂಗಡಿ ಗಿಡವನ್ನು ನೆನಪಿನಲ್ಲಿಡಿ. ಮುಂದೆ ಮತ್ತೆ ಬರುತ್ತದೆ.

ಇಂಥ ಕತ್ತಿ ಮನೆಗಳಿಂದ ಮರೆಯಾದುದೇಕೆ? 1903ರಲ್ಲಿ ಅಮೆರಿಕದ ಜಿಲೆಟ್ ಎಂಬಾತ ಬಳಸಿ ಬಿಸಾಡುವ ಬ್ಲೇಡಿನ ಸಾಧನವನ್ನು ಮಾರಾಟಕ್ಕಿಟ್ಟನು. ಮೊದಲ ವರ್ಷ ಹೋದವು ಕೇವಲ 51 ಸಾಧನಗಳು. ಮರುವರ್ಷ ತೊಂಬತ್ತು ಸಾವಿರ. ಸಾಣೆ ಹಿಡಿಯುವ ಶ್ರಮ ತಪ್ಪಿತೆಂದು ಜಗತ್ತು ಹಿಗ್ಗಿತು. ತಪ್ಪಿದ್ದು ಶ್ರಮವೊಂದೇ ಅಲ್ಲ, ಆ ಶ್ರಮದಲ್ಲಿದ್ದ ವಿದ್ಯೆಯೂ ಕೂಡ.

ಇನ್ನು ಕೆಲಸದ ಮಾತು. ಕತ್ತಿ ಕೈಗೆ ಬಂದೊಡನೆ ಉಜ್ಜಲು ಹೊರಡಬಾರದು, ಮೊದಲು ನೋಡಬೇಕು. ಬಿಸಿಲಿಗೆ ಹಿಡಿದು ಭೂತಗನ್ನಡಿಯಿಂದ ಬಾಯಿಯುದ್ದಕ್ಕೂ ಪರೀಕ್ಷಿಸಬೇಕು. ಅಂಚಿನಿಂದ ಮೇಲಕ್ಕೆ ಕೂದಲೆಳೆಯಷ್ಟು ಬಿರುಕು ಕಂಡರೂ ಆ ಕತ್ತಿ ಮುಖಕ್ಕೆ ಯೋಗ್ಯವಲ್ಲ. ಒರೆಸಿ, ಎಣ್ಣೆ ಸವರಿ, ಹಿರಿಯರ ನೆನಪಿಗೆಂದು ಇಟ್ಟುಕೊಳ್ಳಬಹುದು. ತುಕ್ಕು ಬಾಯಿಯ ಅಂಚಿನಲ್ಲಿಯೇ ಆಳವಾದ ಕುಳಿಗಳನ್ನು ತೋಡಿದ್ದರೂ ಅಷ್ಟೇ. ಮೈಮೇಲಿನ ಕಲೆಗಳಿಂದ ಬಾಧಕವಿಲ್ಲ. ಅಲಗನ್ನು ಗಾಜಿನ ತುಂಡಿನ ಮೇಲೆ ಮಲಗಿಸಿದರೆ ಬೆನ್ನು ಬಾಯಿಗಳೆರಡೂ ಉದ್ದಕ್ಕೂ ತಾಗುತ್ತವೆಯೇ, ಅಲಗು ಸೊಟ್ಟಗಾಗಿದೆಯೇ ಎಂಬುದು ತಿಳಿಯುತ್ತದೆ.

ತುಕ್ಕನ್ನು ತೆಗೆಯಲು ಅವಸರ ಸಲ್ಲದು. ಹೊಲಿಗೆ ಯಂತ್ರದ ಎಣ್ಣೆಯನ್ನು ಸವರಿ ಒಂದು ರಾತ್ರಿ ಬಿಟ್ಟರೆ ತುಕ್ಕು ಸಡಿಲುತ್ತದೆ. ಮರುದಿನ ಅಲಗನ್ನು ಹಲಗೆಯ ಅಂಚಿನಲ್ಲಿ ಮಲಗಿಸಿ, ನೀರಿನಲ್ಲಿ ನೆನೆಯುವ ನುಣುಪಾದ ಪಾಲಿಶ್ ಕಾಗದವನ್ನು ಚಿಕ್ಕ ಬೆಂಡಿಗೆ ಸುತ್ತಿ, ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ ಮಾತ್ರ ಉಜ್ಜಬೇಕು. ಬಾಯಿಗೆ ಎದುರಾಗಿ ಬೆರಳು ಹೋಗಬಾರದು. 600ನೆಯ ನಂಬರಿನ ಕಾಗದದಿಂದ ತೊಡಗಿ, 1000, 2000 ಎಂದು ನುಣುಪಿನತ್ತ ಸಾಗಬೇಕು. ಕೊಂಬಿನ ಹಿಡಿಯನ್ನು ನೀರಿನಲ್ಲಿ ನೆನೆಹಾಕಬಾರದು, ಉಬ್ಬಿ ಸೊಟ್ಟಗಾಗುತ್ತದೆ. ಹಿಡಿ ಸೆಲ್ಯುಲಾಯಿಡಿನದಾಗಿದ್ದರೆ ಬೆಂಕಿಯ ಹತ್ತಿರ ಒಯ್ಯಲೇಬಾರದು. ಅದು ಬೇಗ ಹೊತ್ತಿಕೊಳ್ಳುವ ವಸ್ತು. ಹಳತಾಗಿ ಕೊಳೆಯತೊಡಗಿದರೆ ಅದರಿಂದ ಹೊರಡುವ ಆಮ್ಲದ ಆವಿಯೇ ಅಲಗನ್ನು ತಿನ್ನುತ್ತದೆ.

ಬೀದಿಯಲ್ಲಿ ಚಾಕು ಕತ್ತರಿಗಳಿಗೆ ಸಾಣೆ ಹಿಡಿಯುವ ತಿರುಗುಚಕ್ರಕ್ಕೆ ಇದನ್ನು ಕೊಡಬಾರದು. ತೆಳುವಾದ ಬಾಯಿ ಚಕ್ರದ ಘರ್ಷಣೆಗೆ ಕ್ಷಣಮಾತ್ರದಲ್ಲಿ ಕಾಯುತ್ತದೆ. ಉಕ್ಕಿನ ಶಾಖ 300 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಾಗ ಅಂಚಿನಲ್ಲಿ ನೀಲಿ ಬಣ್ಣ ಮೂಡುತ್ತದೆ. ಆ ನೀಲಿ ಕಂಡಿತೆಂದರೆ ಉಕ್ಕಿನ ಹದ ಹೋಯಿತೆಂದೇ ಅರ್ಥ. ಅನಂತರ ಎಷ್ಟು ಮಸೆದರೂ ಬಾಯಿ ನಿಲ್ಲುವುದಿಲ್ಲ.

ಇಷ್ಟನ್ನು ನಾನು ಓದಿ ಕೇಳಿ ಅರಿತುಕೊಂಡು, ಎರಡು ವಾರದಲ್ಲಿ ತುಕ್ಕನ್ನು ಕಳೆದೆ. ಕತ್ತಿ ಕನ್ನಡಿಯಂತಾಯಿತು. ಆಗ ನನ್ನಲ್ಲಿ ಚಿಕ್ಕದೊಂದು ಅಹಂಕಾರ ಮೊಳೆಯಿತು. ಸಾಣೆಕಲ್ಲನ್ನು ತರಿಸಿ, ಸಂಕಲ್ಪಪೂರ್ವಕವಾಗಿ ಕುಳಿತು, ಅಡಿಗೆಮನೆಯ ಈಳಿಗೆಗೆ ಮಸೆದಂತೆ ಬಲವಾಗಿ ಒತ್ತಿ ಒತ್ತಿ ಮಸೆದೆ. ಮೂರು ದಿನ ಮಸೆದೆ. ಬಾಯಿ ಹರಿತವಾಗುವ ಬದಲು ಅಂಚಿನಲ್ಲಿ ಕಣ್ಣಿಗೆ ಕಾಣದಂಥ ತಂತಿಯೊಂದು ಎದ್ದು ಬಾಗಿ ನಿಂತಿತು. ಗಲ್ಲಕ್ಕೆ ಹಿಡಿದೆ; ಕೂದಲು ಕಿತ್ತಂತಾಗಿ ರಕ್ತ ಬಂದಿತು. ಮಠದಲ್ಲಿ ವ್ಯಾಕರಣ ಕಲಿಸಿದ ನನ್ನ ಗುರುಗಳು, "ಬರದಿದ್ದರೆ ಬರುವವನ ಹತ್ತಿರ ಹೋಗಿ ಕುಳಿತುಕೋ" ಎನ್ನುತ್ತಿದ್ದರು. ಆ ಮಾತು ನೆನಪಾಯಿತು. ಯಾರ ಹತ್ತಿರ ಹೋಗಬೇಕೆಂಬುದು ನನಗೆ ಗೊತ್ತಿತ್ತು. ಹೋಗಲು ಮನಸ್ಸು ಹಿಂಜರಿಯಿತು. ಆ ಹಿಂಜರಿಕೆಯ ಕಾರಣವನ್ನೇ ಈಗ ಹೇಳಬೇಕಾಗಿದೆ.

ನಮ್ಮದು ಜಂಗಮ ಮನೆತನ. ನಾನು ಎಂಟೊಂಬತ್ತು ವರ್ಷದವನಿದ್ದಾಗ, ನಮ್ಮೂರಿನ ಹಡಪದ ಹಿರಿಯರೊಬ್ಬರು ಪ್ರತಿ ಹದಿನೈದು ದಿನಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಸುಗ್ಗಿಯಲ್ಲಿ ಅವರಿಗೆ ಜೋಳದ ಆಯ ಸಲ್ಲುತ್ತಿತ್ತು. ತಂದೆಯವರು ಮುಖಕ್ಷೌರವನ್ನು ತಾವೇ ಮಾಡಿಕೊಳ್ಳುತ್ತಿದ್ದರಾದರೂ ಕತ್ತಿಗೆ ಸಾಣೆ ಹಿಡಿಯುವುದು ಮಾತ್ರ ಆ ಹಿರಿಯರ ಕೈಯಿಂದಲೇ ಆಗಬೇಕಾಗಿತ್ತು. ತಿಂಗಳಿಗೊಮ್ಮೆ ಕತ್ತಿಯನ್ನು ಒಯ್ದು, ಮರುದಿನ ತಂದು ಹೊರಗಿನ ಕಟ್ಟೆಯ ಮೇಲೆ ಇಟ್ಟು, "ಕತ್ತಿ ಇಟ್ಟೀನ್ರಿ" ಎಂದು ಕೂಗಿ ಹೋಗುತ್ತಿದ್ದರು. ನನ್ನ ತಾಯಿ ತಂಬಿಗೆಯಿಂದ ಅದರ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ ಒಳಗೆ ತರುತ್ತಿದ್ದಳು. ಮನೆಯ ಚಿಕ್ಕ ಹುಡುಗರೂ ಆ ವೃದ್ಧರನ್ನು ಏಕವಚನದಲ್ಲಿಯೇ ಕರೆಯುತ್ತಿದ್ದೆವು. ಅವರ ಕೊರಳಲ್ಲಿಯೂ ಶಿವದಾರವಿತ್ತು. ಅದನ್ನು ನಾವೆಲ್ಲರೂ ನೋಡುತ್ತಿದ್ದೆವು, ನೋಡಿಯೂ ಕಾಣುತ್ತಿರಲಿಲ್ಲ.

ಮುಂದೆ ನಾನು ಮಠ ಸೇರಿದೆ, ಶಾಸ್ತ್ರ ಓದಿದೆ, ವಚನಗಳನ್ನು ಓದಿದೆ. ಹಡಪದ ಅಪ್ಪಣ್ಣನವರು ಕಲ್ಯಾಣದಲ್ಲಿ ಬಸವಣ್ಣನವರಿಗೆ ಎಷ್ಟು ನಿಕಟರಾಗಿದ್ದರೆಂಬುದನ್ನು ತಿಳಿದೆ. 'ಹಡಪ'ವೆಂದರೆ ಎಲೆಯಡಿಕೆಯ ಚೀಲ. ಅರಸರ ಬಳಿ ಅದನ್ನು ಹಿಡಿಯುವ ಅಧಿಕಾರಿಗೆ ಶಾಸನಗಳಲ್ಲಿ ಹಡಪವಳನೆಂಬ ಹೆಸರಿದೆ. ಕ್ಷೌರಿಕರ ಸಲಕರಣೆಯ ಚೀಲಕ್ಕೂ ಅದೇ ಹೆಸರು. ಅಪ್ಪಣ್ಣನವರ ಹೆಸರಿನಲ್ಲಿ ಈ ಎರಡರ್ಥಗಳೂ ಕೂಡಿ ನಡೆದುಬಂದಿವೆ. ಅವರ ವಚನಗಳು 'ಬಸವಪ್ರಿಯ ಕೂಡಲಚೆನ್ನಬಸವಣ್ಣ' ಎಂಬ ಅಂಕಿತದಲ್ಲಿವೆ. ಅವರ ಧರ್ಮಪತ್ನಿ ಲಿಂಗಮ್ಮನವರೂ ವಚನಕಾರ್ತಿ. ಕೂಡಲಸಂಗಮದಿಂದ ಬಸವಣ್ಣನವರು ನೀಲಮ್ಮ ತಾಯಿಯನ್ನು ಕರೆತರಲು ನಂಬಿ ಕಳುಹಿಸಿದ್ದು ಅಪ್ಪಣ್ಣನವರನ್ನೇ ಎಂಬುದು ನಮ್ಮ ಪರಂಪರೆ ಕಾಪಾಡಿಕೊಂಡು ಬಂದ ಕಥೆ. ಇವೆಲ್ಲವನ್ನೂ ನಾನು ಅನೇಕ ವರ್ಷ ಆಷಾಢ ಹುಣ್ಣಿಮೆಯ ಅಪ್ಪಣ್ಣನವರ ಜಯಂತಿಗಳಲ್ಲಿ ವೇದಿಕೆಯೇರಿ ಹೇಳಿದ್ದೇನೆ, ಶಾಲು ಹೊದಿಸಿಕೊಂಡಿದ್ದೇನೆ. ಆದರೆ ನಮ್ಮೂರ ಹಡಪದವರ ಮನೆಯ ಹೊಸ್ತಿಲನ್ನು ಒಂದು ಸಲವೂ ದಾಟಿರಲಿಲ್ಲ.

ಆ ಹಿರಿಯರು ಲಿಂಗೈಕ್ಯರಾಗಿ ಬಹುಕಾಲವಾಯಿತು. ಅವರ ಮಗ ಈಗ ಎಪ್ಪತ್ತೈದು ದಾಟಿದವರು. ಬಸ್ ನಿಲ್ದಾಣದ ಹತ್ತಿರದ ಅಂಗಡಿಯನ್ನು ಮಗನಿಗೊಪ್ಪಿಸಿ ಮನೆಯಲ್ಲಿದ್ದಾರೆ. ಒಂದು ಸೋಮವಾರ ಮಧ್ಯಾಹ್ನ ಕತ್ತಿಯನ್ನು ವಸ್ತ್ರದಲ್ಲಿ ಸುತ್ತಿಕೊಂಡು ಹೋದೆ. "ಅಣ್ಣಾರ, ಒಂದು ಕೆಲಸ ಕಲೀಬೇಕಂತ ಬಂದೀನ್ರಿ" ಎಂದೆ. ಅವರನ್ನು ಬಹುವಚನದಲ್ಲಿ ಕರೆದದ್ದು ನನ್ನ ಜೀವಮಾನದಲ್ಲಿಯೇ ಅದು ಮೊದಲ ಸಲ. ಅವರು ಗಡಬಡಿಸಿ ಎದ್ದು ಕುರ್ಚಿ ಹಾಕಿದರು. ನಾನು ಅವರ ಚಾಪೆಯ ಮೇಲೆಯೇ ಕುಳಿತೆ.

ಅವರು ಕತ್ತಿಯನ್ನು ಬಿಡಿಸಿ ಬಾಗಿಲ ಬೆಳಕಿಗೆ ಹಿಡಿದರು. "ಬಾಯಿ ಮ್ಯಾಲ ಬೆಳಕು ಹೊಳೀತೈತಿ ನೋಡ್ರಿ ಸ್ವಾಮ್ಯಾರ. ಹೊಳದ್ರ ಅದು ಮೊಂಡು. ಹರಿತ ಇದ್ದ ಬಾಯಿ ಕಣ್ಣಿಗಿ ಕಾಣೂದಿಲ್ರಿ" ಎಂದರು. ಅನಂತರ ಕಲ್ಲಿನ ಮೇಲೆ ನಾನು ಮಸೆಯುವ ರೀತಿಯನ್ನು ತೋರಿಸೆಂದರು. ನಾಲ್ಕು ಸಲ ಎಳೆಯುವಷ್ಟರಲ್ಲಿ ಕೈ ತಡೆದರು.

"ಭಾಳ ಒತ್ತತೀರಿ. ಕತ್ತಿ ತನ್ನ ಭಾರಾ ತಾನ ಹೊರತೈತ್ರಿ. ನಿಮ್ಮ ಭಾರ ಅದರ ಮ್ಯಾಲ ಹಾಕಬ್ಯಾಡ್ರಿ."

ಈ ವಿದ್ಯೆಯ ಸಾರಸರ್ವಸ್ವ ಆ ಮಾತಿನಲ್ಲಿದೆ. ಕತ್ತಿಯನ್ನು ಮಾಡಿದ ಕುಶಲಿ, ಬೆನ್ನಿನ ದಪ್ಪವನ್ನು ಅಳತೆಮಾಡಿಯೇ ಇಟ್ಟಿರುತ್ತಾನೆ. ಬೆನ್ನು ಬಾಯಿಗಳೆರಡನ್ನೂ ಕಲ್ಲಿಗೆ ತಾಗಿಸಿ ಮಲಗಿಸಿದರೆ ತಕ್ಕ ಕೋನ ತಾನಾಗಿ ಒದಗುತ್ತದೆ. ಬೆನ್ನನ್ನು ಕೂದಲೆಳೆಯಷ್ಟು ಎತ್ತಿದರೂ ಕೋನ ಕೆಡುತ್ತದೆ. ಬಾಯಿ ಮುಂದಾಗಿ, ಬೆನ್ನು ಹಿಂದಾಗಿ, ಬಾಯಿಯಿಂದಲೇ ಕಲ್ಲಿನ ಮೇಲ್ಪದರವನ್ನು ಎತ್ತುತ್ತೇವೆಂಬಂತೆ ತಳ್ಳಬೇಕು. ತುದಿ ಮುಟ್ಟಿದ ಮೇಲೆ ಬೆನ್ನಿನ ಮೇಲೆ ಹೊರಳಿಸಿ ತಿರುಗಿ ತರಬೇಕು. ಬಾಯಿಯ ಮೇಲೆ ಹೊರಳಿಸಿದರೆ ಮಾಡಿದ್ದೆಲ್ಲ ವ್ಯರ್ಥ. ಅಲಗು ಕಲ್ಲಿನ ಅಗಲಕ್ಕಿಂತ ಉದ್ದವಾದ್ದರಿಂದ ಬುಡದಿಂದ ತುದಿಯವರೆಗೆ ಓರೆಯಾಗಿ ಜಾರಿಸುತ್ತ ಹೋಗಬೇಕು. ಕಲ್ಲು ಸಮತಟ್ಟಾಗಿರುವುದು ಅತ್ಯವಶ್ಯ. ಅದರ ಮೇಲೆ ಸೀಸದಕಡ್ಡಿಯಿಂದ ಚೌಕಗೆರೆ ಎಳೆದು, ಗಾಜಿನ ಮೇಲೆ ಹಾಸಿದ ಪಾಲಿಶ್ ಕಾಗದಕ್ಕೆ ನೀರು ಹಾಕಿ ಕಲ್ಲನ್ನು ತಿಕ್ಕಿದರೆ, ಎಲ್ಲ ಗೆರೆ ಅಳಿಸಿದಾಗ ಕಲ್ಲು ಸಮವಾಯಿತೆಂದು ತಿಳಿಯಬಹುದು.

ಕಲ್ಲುಗಳಲ್ಲಿಯೂ ಮೆಟ್ಟಿಲುಗಳಿವೆ. 1000ದ ಕಲ್ಲಿನಲ್ಲಿ ಬಾಯಿಯನ್ನು ಕೂಡಿಸಬೇಕು. 4000, 8000ದ ಕಲ್ಲುಗಳಲ್ಲಿ ಹರಿತಗೊಳಿಸಬೇಕು. 12000ದ ಕಲ್ಲಿನಲ್ಲಿ ನುಣುಪುಗೊಳಿಸಬೇಕು. ಮೊದಲ ಮೆಟ್ಟಿಲು ಪೂರ್ಣವಾಗದೆ ಎರಡನೆಯದಕ್ಕೆ ಹೋದವನು ಎಲ್ಲಿಗೂ ಮುಟ್ಟುವುದಿಲ್ಲ. ಪೂರ್ಣವಾಯಿತೇ ಇಲ್ಲವೇ ಎಂಬುದನ್ನು ತಿಳಿಯಲು ಸುಲಭೋಪಾಯವುಂಟು. ಬಾಯಿಯ ಅಂಚಿಗೆ ಶಾಯಿ ಸವರಿ, ಕಲ್ಲಿನ ಮೇಲೆ ಎರಡು ಸಲ ಹಗುರವಾಗಿ ಎಳೆದು ನೋಡಿದರೆ, ಶಾಯಿ ಉಳಿದಲ್ಲಿ ಕಲ್ಲು ತಾಗಿಲ್ಲವೆಂದೇ ಅರ್ಥ. ನಮ್ಮ ಹಿರಿಯರಿಗೆ ಈ ನಂಬರುಗಳ ಕಲ್ಲುಗಳಿರಲಿಲ್ಲ. "ನಮ್ಮಪ್ಪನ ಹತ್ರ ಎರಡ ಕಲ್ಲ ಇದ್ದೂರಿ. ಮಿಕ್ಕಿದ್ದೆಲ್ಲಾ ಕೈ" ಎಂದರು.

ಮಾತು ತಂದೆಯವರತ್ತ ಹೊರಳಿದಾಗ ಅವರು ಸಹಜವಾಗಿ ಹೇಳಿದರು: "ಈ ಕತ್ತಿ ನನಗ ಗುರ್ತ ಐತ್ರಿ. ಸಾಣಿ ಆದಮ್ಯಾಗ ನಮ್ಮಪ್ಪ ಇದಕ್ಕ ಎರಡು ಸಲ ಎಣ್ಣಿ ಸವರತಿದ್ದ. ಉಳಿದವರ ಕತ್ತಿಗೆ ಒಂದ ಸಲ. ನಿಮ್ಮ ಅವ್ವಾರು ನೀರು ಚಿಮುಕಿಸಿ ಒಳಗ ಒಯ್ಯತಿದ್ರಲ್ರಿ, ಆ ನೀರು ಕುಂತು ಬಾಯಿ ಕೆಡಬಾರದಂತ."

ನಾನು ಬಹಳ ಹೊತ್ತು ಸುಮ್ಮನಿದ್ದೆ. ಕೊನೆಗೆ, "ಅವರಿಗೆ ಸಿಟ್ಟು ಬರತಿರಲಿಲ್ಲೇನ್ರಿ ಅಣ್ಣಾರ?" ಎಂದು ಕೇಳಿದೆ.

"ಸಿಟ್ಟು ಇತ್ತೋ ಇಲ್ಲೋ ನಾ ಕೇಳಿಲ್ರಿ. ಕತ್ತೀದೇನು ತಪ್ಪು ಅಂತಿದ್ದ."

ಬಂಧುಗಳೇ, ನನ್ನ ತಾಯಿ ದುಷ್ಟಳಲ್ಲ. ಹಸಿದು ಬಂದವರನ್ನು ಬರಿಗೈಯಲ್ಲಿ ಕಳುಹಿಸಿದವಳಲ್ಲ. ಅತ್ತೆ ಮಾಡುತ್ತಿದ್ದುದನ್ನು ಸೊಸೆ ಮಾಡಿದಳು, ಅಷ್ಟೇ. ಆದರೆ ಆಕೆಗೆ ತಿಳಿಯಹೇಳಬಹುದಾಗಿದ್ದವನು ನಾನು. ಮಠದಿಂದ ರಜೆಗೆ ಬಂದಾಗಲೂ ಆ ನೀರಿನ ಹನಿಗಳನ್ನು ನೋಡಿದ್ದೇನೆ. ಕಾಯಕದಲ್ಲಿ ಮೇಲುಕೀಳಿಲ್ಲವೆಂಬ ಪಾಠವನ್ನು ಬಾಯಿಪಾಠ ಮಾಡಿಕೊಂಡಿದ್ದರೂ ಸುಮ್ಮನಿದ್ದೇನೆ. ಲಿಂಗ ಧರಿಸಿದ ಮನೆಯೊಂದು, ಲಿಂಗ ಧರಿಸಿದ ಇನ್ನೊಬ್ಬರು ಮುಟ್ಟಿದ ವಸ್ತುವಿಗೆ ನೀರು ಚಿಮುಕಿಸಿತು. ಆ ನೀರು ತಮ್ಮ ಕೆಲಸವನ್ನು ಕೆಡಿಸಬಾರದೆಂದು ಆ ಹಿರಿಯರು ಎಣ್ಣೆ ಸವರಿದರು. ಶರಣಧರ್ಮ ಯಾರ ಕೈಯಲ್ಲಿ ಉಳಿದಿತ್ತು ಎಂದು ನಾನು ಬೇರೆ ಹೇಳಬೇಕಾಗಿಲ್ಲ.

ಅಂದಿನಿಂದ ಎಂಟು ಸೋಮವಾರ ಅವರ ಮನೆಗೆ ಹೋಗಿ ಅಭ್ಯಾಸ ಮಾಡಿದೆ. ಕೆಟ್ಟ ತಂತಿಯಂಚನ್ನು ಕಲ್ಲಿನಲ್ಲಿ ಕಳೆದು, ಮತ್ತೆ ಮೊದಲ ಮೆಟ್ಟಿಲಿನಿಂದ ತೊಡಗಿದೆ. ಕಡೆಯ ಕಲ್ಲಿನ ಕೆಲಸ ಮುಗಿದ ಮೇಲೆ ಚರ್ಮದ ಪಟ್ಟಿಯ ಕೆಲಸ. ಪಟ್ಟಿಯ ಒಂದು ತುದಿಯನ್ನು ಗೂಟಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ಜೋತುಬೀಳದಂತೆ ಬಿಗಿಯಾಗಿ ಹಿಡಿದು, ಇಲ್ಲಿ ಮಾತ್ರ ಬೆನ್ನು ಮುಂದಾಗಿ, ಬಾಯಿ ಹಿಂದಾಗಿ ಎಳೆಯಬೇಕು. ಕಲ್ಲಿನ ಮೇಲೆ ಎಳೆದಂತೆ ಎಳೆದರೆ ಪಟ್ಟಿಯೂ ಕತ್ತರಿಸುತ್ತದೆ, ಬಾಯಿಯೂ ಹೋಗುತ್ತದೆ. ಐವತ್ತು ಅರವತ್ತು ಸಲ, ಹಗುರವಾಗಿ. ಕ್ಷೌರಕ್ಕೆ ಕುಳಿತುಕೊಳ್ಳುವ ಮುನ್ನ ಪ್ರತಿ ಸಲವೂ ಇದು ಆಗಬೇಕು. ಕಲ್ಲಿನ ಅವಶ್ಯಕತೆ ಕೆಲವು ತಿಂಗಳಿಗೊಮ್ಮೆ ಮಾತ್ರ. ಹಳಬರು ಅಂಗೈಯ ಮೇಲೆಯೂ ಎಳೆಯುತ್ತಿದ್ದರು. ನೀವು ಹಾಗೆ ಮಾಡಹೋಗಬೇಡಿ.

ತಂಗಡಿ ಗಿಡವನ್ನು ನೆನಪಿನಲ್ಲಿಡಿ ಎಂದಿದ್ದೆನಷ್ಟೆ. ದಕ್ಷಿಣ ಭಾರತದಲ್ಲಿ ಚರ್ಮವನ್ನು ಹದಮಾಡಲು ಬಹುಕಾಲ ಬಳಕೆಯಾದದ್ದು ಅದೇ ಗಿಡದ ತೊಗಟೆ. ಬೇಲಿಯಂಚಿನಲ್ಲಿ ಹಳದಿ ಹೂ ಬಿಟ್ಟು ನಿಲ್ಲುವ ಒಂದು ಸಾಮಾನ್ಯ ಗಿಡ, ಅತ್ತ ಕುಲುಮೆಯಲ್ಲಿ ಕಬ್ಬಿಣವನ್ನು ಉಕ್ಕಾಗಿಸಿತು. ಇತ್ತ ತೊಗಲನ್ನು ಚರ್ಮವಾಗಿಸಿತು. ಕಮ್ಮಾರರ ಕಾಯಕ, ಹರಳಯ್ಯನವರ ಕಾಯಕ, ಅಪ್ಪಣ್ಣನವರ ಕಾಯಕ ಮೂರೂ ಕೂಡಿದರೆ ಒಂದು ಮುಖಕ್ಷೌರ. ಯಾವುದನ್ನು ಮೇಲೆನ್ನೋಣ, ಯಾವುದನ್ನು ಕೆಳಗಿಡೋಣ?

ಕೆಲವು ಎಚ್ಚರಿಕೆಗಳನ್ನು ಹೇಳದೆ ಬಿಡಲಾಗದು. ಸಾಣೆಯಾದ ಕತ್ತಿ ಮಕ್ಕಳ ಕೈಗೆ ಎಟುಕಬಾರದು. ಮೊದಮೊದಲು ಎರಡೂ ಗಲ್ಲಗಳ ಸಮಭಾಗದಲ್ಲಿ ಮಾತ್ರ ಪ್ರಯತ್ನಿಸಿ. ಗದ್ದ, ಕೊರಳುಗಳಿಗೆ ಅಭ್ಯಾಸ ಬಂದ ಮೇಲೆ ಹೋಗಿ. ಬಿಸಿನೀರಿನಿಂದ ಕೂದಲನ್ನು ಮೆತ್ತಗಾಗಿಸಿ, ಸಾಬೂನಿನ ನೊರೆ ಹಚ್ಚಿ, ಚರ್ಮವನ್ನು ಬಿಗಿಹಿಡಿದು, ಅಲಗನ್ನು ಸುಮಾರು 30 ಡಿಗ್ರಿ ಓರೆಯಾಗಿಟ್ಟು ಎಳೆಯಬೇಕು. ಅಡ್ಡಕ್ಕೆ ಜಾರಿಸಿದರೆ ಗಾಯ ನಿಶ್ಚಿತ. ರಕ್ತ ಬೇಗ ನಿಲ್ಲದ ಕಾಯಿಲೆಯವರೂ, ರಕ್ತ ತೆಳುವಾಗಿಸುವ ಔಷಧ ಸೇವಿಸುವವರೂ, ಕೈನಡುಕವಿರುವವರೂ ಇದರ ಗೊಡವೆಗೆ ಹೋಗಬಾರದು. ಬಳಸಿದ ಮೇಲೆ ಒರೆಸಿ ಒಣಗಿಸಿ ಎಣ್ಣೆ ಸವರಿ ಇಡಬೇಕು.

ಎಲ್ಲಕ್ಕಿಂತ ಮುಖ್ಯವಾದುದು, ಒಬ್ಬರ ಕತ್ತಿಯನ್ನು ಒಬ್ಬರೇ ಬಳಸಬೇಕು. ತಂದೆಮಕ್ಕಳೇ ಆಗಲಿ, ಅಣ್ಣತಮ್ಮಂದಿರೇ ಆಗಲಿ. ಹೆಪಟೈಟಿಸ್ ಬಿ ಕಾಮಾಲೆ, ಎಚ್‌ಐವಿ ಮುಂತಾದವು ರಕ್ತದಿಂದ ರಕ್ತಕ್ಕೆ ಹರಡುವಂಥವು. ಕಣ್ಣಿಗೆ ಕಾಣದಷ್ಟು ಚಿಕ್ಕ ಗೀರೂ ಅವಕ್ಕೆ ಸಾಕು. ನಮ್ಮ ದೇಶದಲ್ಲಿ ಎಚ್‌ಐವಿ ಸೋಂಕು 1986ರಲ್ಲಿ ಮೊದಲು ಪತ್ತೆಯಾದ ಮೇಲೆ ಜನರಲ್ಲಿ ಎಚ್ಚರ ಮೂಡಿ, ಅಂಗಡಿಗಳಲ್ಲಿ ಪ್ರತಿಯೊಬ್ಬರಿಗೂ ಹೊಸ ಬ್ಲೇಡು ಹಾಕುವ ಕತ್ತಿ ಬಳಕೆಗೆ ಬಂತು. ಅದು ಒಳ್ಳೆಯದೇ ಆಯಿತು. ಹಳೆಯ ಕತ್ತಿಯ ಮೇಲಿನ ಪ್ರೀತಿಯಿಂದ ಆ ಶಿಸ್ತನ್ನು ಮುರಿಯಬಾರದು. ಅಂಗಡಿಗೆ ಹೋದಾಗ ಹೊಸ ಬ್ಲೇಡು ಹಾಕಿರೆಂದು ಕೇಳುವುದು ಅಪಮಾನವಲ್ಲ. ಅದು ಆ ಕಾಯಕದವರಿಗೂ ಕ್ಷೇಮ.

ಎಂಟನೆಯ ಸೋಮವಾರ ಕತ್ತಿ ಸಿದ್ಧವಾಯಿತು. ಅವರು ಬೆಳಕಿಗೆ ಹಿಡಿದು ನೋಡಿದರು. ಬಾಯಿ ಎಲ್ಲಿಯೂ ಹೊಳೆಯಲಿಲ್ಲ. ಮುಂಗೈಯ ಒಂದು ಕೂದಲಿಗೆ ತಾಗಿಸಿದರು, ಸದ್ದಿಲ್ಲದೆ ಬಿದ್ದಿತು. "ಆತ್ರಿ" ಎಂದರು. ಅನಂತರ ಎಣ್ಣೆ ಸವರಿದರು. ಒಂದು ಸಲ ಸವರಿ, ಒರೆಸಿ, ಮತ್ತೊಂದು ಸಲ ಸವರಿದರು. ಮಡಿಸಿ, ಚಾಪೆಯಾಚೆಗಿನ ಕಟ್ಟೆಯ ಮೇಲೆ ಇಟ್ಟು ಕೈ ಹಿಂದೆಗೆದುಕೊಂಡರು. ಅವರು ಬೇಕೆಂದು ಮಾಡಿದ್ದಲ್ಲ. ಎರಡು ತಲೆಮಾರಿನ ಅಭ್ಯಾಸ ಆ ಕೈಯಲ್ಲಿ ಕುಳಿತಿತ್ತು.

"ಅಣ್ಣಾರ, ಕೈಯಾಗ ಕೊಡ್ರಿ" ಎಂದೆ.

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಕತ್ತಿಯನ್ನು ಎತ್ತಿ, ಹಿಡಿಯನ್ನು ನನ್ನ ಕಡೆಗೆ ಮಾಡಿ ಕೈಯಲ್ಲಿ ಕೊಟ್ಟರು. ಎರಡೂ ಕೈ ಚಾಚಿ ತೆಗೆದುಕೊಂಡೆ. ಆಷಾಢ ಹುಣ್ಣಿಮೆಯ ದಿನ ಅವರು ಮಗ ಸೊಸೆಯರೊಡನೆ ನಮ್ಮ ಮನೆಗೆ ಬಂದು, ಪಡಸಾಲೆಯಲ್ಲಿ ನಮ್ಮ ಪಂಕ್ತಿಯಲ್ಲಿಯೇ ಪ್ರಸಾದ ಸ್ವೀಕರಿಸಿದರು. ತಡವಾಗಿ ಆದ ಕೆಲಸ. ಅವರ ತಂದೆಗೆ ಸಲ್ಲಬೇಕಾಗಿದ್ದುದು ಅವರಿಗೆ ಸಂದಿತು. ಆ ವರ್ಷ ನಾನು ವೇದಿಕೆಗೆ ಹೋಗಲಿಲ್ಲ.

ಇನ್ನು ಬಂಧುಗಳ ಪತ್ರಕ್ಕೆ ಉತ್ತರ. ಕ್ಷೌರದ ಕತ್ತಿಯನ್ನು ಮನೆಯಲ್ಲಿ ಇಡಬಾರದೆಂಬುದಕ್ಕೆ ಶರಣರ ವಚನಗಳಲ್ಲಿ ಆಧಾರವಿಲ್ಲ. ಕಾಯಕದ ಸಾಧನಕ್ಕೆ ಅಶುಭವೆಂಬುದಿಲ್ಲ. ಇಟ್ಟುಕೊಳ್ಳಿ. ತುಕ್ಕು ತೆಗೆಯಿರಿ, ಒತ್ತದೆ ಸಾಣೆ ಹಿಡಿಯಿರಿ. ಅದಕ್ಕೂ ಮೊದಲು ನಿಮ್ಮ ಅಜ್ಜನವರ ಕಾಲದಲ್ಲಿ ಆ ಕತ್ತಿಗೆ ಯಾರು ಸಾಣೆ ಹಿಡಿಯುತ್ತಿದ್ದರೆಂದು ಮನೆಯ ಹಿರಿಯರನ್ನು ಕೇಳಿ. ಅವರ ಮನೆಯವರು ಇನ್ನೂ ಊರಿನಲ್ಲಿದ್ದರೆ, ಕತ್ತಿಯನ್ನು ತೆಗೆದುಕೊಂಡು ಒಮ್ಮೆ ಅಲ್ಲಿಗೆ ಹೋಗಿ ಬನ್ನಿ.